ಬಸವನಗುಡಿಯ ಹಿಂಬದಿ ಓಣಿ

ಫ್ಲಾರೆನ್ಸಿಗೆ ಹೋಗಿಬಂದವರು ಸಾಮಾನ್ಯವಾಗಿ ಎರಡು ಸಂಗತಿ ಹೇಳುತ್ತಾರೆ: ಚಿತ್ರ ಮತ್ತು ಊಟ. ಬಸವನಗುಡಿಯ ಬಗ್ಗೆ ಬರೆಯುವ ನಮ್ಮ ಪ್ರಬಂಧಕಾರರೂ ಎರಡನ್ನೇ ಹೇಳುತ್ತಾರೆ: ಸಾಹಿತಿಗಳು ಮತ್ತು ದೋಸೆ. ಗವಿಪುರದ ಮಾಸ್ತಿಯವರ ಮನೆ, ಡಿ.ವಿ.ಜಿ. ಕಟ್ಟಿದ ಗೋಖಲೆ ಸಂಸ್ಥೆ, 1943ರಲ್ಲಿ ಗಾಂಧಿ ಬಜಾರಿನಲ್ಲಿ ಶುರುವಾದ ವಿದ್ಯಾರ್ಥಿ ಭವನ, ಅದರ ಗೋಡೆಯ ಮೇಲಿನ ಲೇಖಕರ ಚಿತ್ರಗಳು. ಇಂಥ ಬರಹಗಳನ್ನು ನಾನು ಖುಷಿಯಿಂದಲೇ ಓದುತ್ತೇನೆ. ಆದರೆ ಹತ್ತು ಓದಿದ ಮೇಲೂ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ: ಈ ಬಡಾವಣೆ ಯಾಕೆ ಹೀಗೆ ಬೆಳೆಯಿತು?

ಫ್ಲಾರೆನ್ಸಿನ ಸಾಹಿತ್ಯ ತನ್ನೂರಿನ ಸಾವನ್ನು ಮರೆಮಾಚಲಿಲ್ಲ. ಬೊಕಾಚಿಯೊನ ‘ಡೆಕಮೆರಾನ್’ನಲ್ಲಿ ಏಳು ಹೆಂಗಸರೂ ಮೂವರು ಗಂಡಸರೂ 1348ರ ಪ್ಲೇಗಿಗೆ ಹೆದರಿ ಊರು ಬಿಡುತ್ತಾರೆ, ತೋಟದ ಮನೆಗಳಲ್ಲಿ ಕೂತು ಹತ್ತು ದಿನಗಳಲ್ಲಿ ನೂರು ಕಥೆ ಹೇಳುತ್ತಾರೆ. ಅಲ್ಲಿ ಊಟ, ಪ್ರಣಯ, ನಗು ಎಲ್ಲವೂ ಇವೆ. ಆದರೆ ಬೊಕಾಚಿಯೊ ಮೊದಲು ಹೆಣಗಳನ್ನು ತೋರಿಸಿ, ಬಡವರು ಬೀದಿಯಲ್ಲೇ ಸತ್ತದ್ದನ್ನು ಹೇಳಿ, ಆಮೇಲೆ ತೋಟದ ಬಾಗಿಲು ತೆರೆಯುತ್ತಾನೆ. ಆ ನಗುವಿಗೆ ತೂಕ ಬಂದದ್ದು ಅದರಿಂದ.

ನಮ್ಮಲ್ಲೂ 1898ರಲ್ಲಿ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಗಲ್ಲಿಗಳಿಂದ ಜನ ಹೊರಬಿದ್ದರು. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದು ಆ ಬಳಿಕ. ಗಾಳಿ ಬೆಳಕಿಗೆಂದು ಅಗಲ ರಸ್ತೆ. ಮನೆಗಳ ಬೆನ್ನಿಗೆ ಕಿರಿದಾದ ಕನ್ಸರ್ವೆನ್ಸಿ ಓಣಿ. ಮಲ ಹೊರುವವರು ಮುಂಬಾಗಿಲಿಗೆ ಬಾರದೆ ಬಂದುಹೋಗಲು ಇದ್ದ ದಾರಿ ಅದು. ನೈರ್ಮಲ್ಯವೂ ಜಾತಿಯೂ ಒಂದೇ ನಕ್ಷೆಯಲ್ಲಿ ಕೂತಿದ್ದವು.

ನಮ್ಮ ಪ್ರಬಂಧಗಳು ಮುಂಬಾಗಿಲಿನಿಂದ ಒಳಹೋಗಿ ಮುಂಬಾಗಿಲಿನಿಂದಲೇ ಹೊರಬರುತ್ತವೆ. ಕಾಫಿಯ ಘಮ ಇರುತ್ತದೆ, ಅಡುಗೆಮನೆಯ ಹಿಂದಿನ ಓಣಿ ಇರುವುದಿಲ್ಲ. ನನ್ನ ತಕರಾರು ನೀತಿಯದಷ್ಟೇ ಅಲ್ಲ, ಬರವಣಿಗೆಯದು ಕೂಡ. ಹಳಹಳಿಕೆಗೆ ಎದುರು ನಿಲ್ಲುವಂಥದ್ದು ಏನೂ ಇಲ್ಲದಿದ್ದರೆ ಗದ್ಯ, ಹುಳಿ ಬಾರದ ಹಿಟ್ಟಿನ ದೋಸೆಯಂತೆ ಸಪ್ಪೆಯಾಗುತ್ತದೆ. ಒಬ್ಬರ ಬಾಲ್ಯದ ಬಸವನಗುಡಿಗೂ ಇನ್ನೊಬ್ಬರದಕ್ಕೂ ವ್ಯತ್ಯಾಸವೇ ಕಾಣದಿರುವುದು ಅದಕ್ಕೇ.

ದೋಸೆಯನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಫ್ಲಾರೆನ್ಸಿನ ಬೀದಿಗಾಡಿಗಳಲ್ಲಿ ದನದ ಜಠರದಿಂದ ಮಾಡಿದ ಲಾಂಪ್ರೆದೊತ್ತೊ ಮಾರುತ್ತಾರೆ. ಒಂದು ಕಾಲಕ್ಕೆ ಬಡವರ ತಿಂಡಿಯಾಗಿದ್ದ ಅದನ್ನು ಬಿಟ್ಟು ಇಂದು ಆ ಊರಿನ ಊಟದ ಮಾತು ಮುಗಿಯುವುದಿಲ್ಲ. ನಮ್ಮ ಪುಟಗಳಲ್ಲೂ ಕಾರ್ತಿಕದ ಕೊನೆಯ ಸೋಮವಾರದ ಪರಿಷೆಗೆ ಕಡಲೆಕಾಯಿ ಮೂಟೆ ತರುವ ರೈತರು, ಕೈತುಂಬ ತಟ್ಟೆ ಹೊತ್ತು ಓಡಾಡುವ ಸಪ್ಲೈಯರು, ಓಣಿ ಗುಡಿಸಿದವರು ಬರಲಿ. ಆಗ ದೋಸೆಯ ರುಚಿ ಕೆಡುವುದಿಲ್ಲ. ಅದು ಯಾರ ಊರಿನ ರುಚಿ ಎಂಬುದು ಓದುಗರಿಗೆ ತಿಳಿಯುತ್ತದೆ.