ಧವಲಾಗ್ರಂಥದ ಪ್ರತಿಗಳು ಮತ್ತು ಪಾಠದ ಏಕತೆ

ಒಂದು ಗ್ರಂಥವು ಒಂದೇ ಸ್ಥಳದಲ್ಲಿ ಒಂದೇ ಪ್ರತಿಯಾಗಿ ಉಳಿದಿದ್ದರೆ ಬೆಂಕಿ, ಗೆದ್ದಲು, ತೇವಗಳಲ್ಲಿ ಯಾವುದಾದರೊಂದರಿಂದ ಅದು ನಾಶವಾಗಬಹುದು. ಹಲವು ಊರುಗಳಲ್ಲಿ ಹಲವು ಪ್ರತಿಗಳಿದ್ದರೆ ಈ ಭಯವು ಕಡಮೆಯಾಗುತ್ತದೆ. ಆದರೆ ಪ್ರತಿಗಳು ಹೆಚ್ಚಿದೊಡನೆ ಮತ್ತೊಂದು ಭಯವು ತಲೆದೋರುತ್ತದೆ: ಒಂದೊಂದು ಪ್ರತಿಯೂ ತನ್ನ ತನ್ನ ದಾರಿಯನ್ನು ಹಿಡಿದು, ಕೆಲವು ಕಾಲದ ಮೇಲೆ ಒಂದರ ಪಾಠವು ಇನ್ನೊಂದಕ್ಕೆ ಹೊಂದದೆ ಹೋಗುತ್ತದೆ. ಗ್ರಂಥವನ್ನು ನಾಶದಿಂದ ಕಾಯುವುದು ಬೇರೆ, ಅದರ ಏಕತೆಯನ್ನು ಕಾಯುವುದು ಬೇರೆ. ಈ ಭೇದವನ್ನು ತಿಳಿಯುವುದಕ್ಕೆ ಮೂಡುಬಿದಿರೆಯ ಸಿದ್ಧಾಂತಗ್ರಂಥಗಳ ಇತಿಹಾಸಕ್ಕಿಂತ ಉತ್ತಮವಾದ ನಿದರ್ಶನವು ದುರ್ಲಭ.

ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯು ಕ್ರಿ. ಶ. 816ರಲ್ಲಿ ಮುಗಿಯಿತೆಂದು ಅದರ ಸಂಪಾದಕರು ನಿರ್ಣಯಿಸಿದ್ದಾರೆ. ಪ್ರಾಕೃತ ಸಂಸ್ಕೃತಗಳು ಬೆರೆತಿರುವ ಈ ಟೀಕೆಯ ಪ್ರಮಾಣವು 72,000 ಗ್ರಂಥಗಳೆಂಬುದು ಸಂಪ್ರದಾಯ. ಇಷ್ಟು ದೊಡ್ಡ ಕೃತಿಯು ಹಳಗನ್ನಡ ಲಿಪಿಯ ಓಲೆಗಳಲ್ಲಿ, ಮೂಡುಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿಯೇ, ಶತಮಾನಗಳ ಕಾಲ ಉಳಿದುಬಂದಿತು. ಯಾತ್ರಿಕರು ಅದನ್ನು ದರ್ಶನ ಮಾಡಿ ಹೋಗುತ್ತಿದ್ದರೇ ಹೊರತು ಓದಿದವರು ವಿರಳ. 1896ರ ಸುಮಾರಿಗೆ ಪ್ರತಿ ಮಾಡಿಸುವ ಕಾರ್ಯ ಮೊದಲಾಗಿ, ಧವಲಾ, ಜಯಧವಲಾ, ಮಹಾಧವಲಾ ಎಂಬ ಮೂರೂ ಗ್ರಂಥಗಳ ಪ್ರತಿಗಳು ಮುಗಿಯುವ ಹೊತ್ತಿಗೆ ಸುಮಾರು ಇಪ್ಪತ್ತಾರು ವರ್ಷಗಳು ಕಳೆದಿದ್ದವು.

ಈ ಪ್ರತಿಗಳು ಭಂಡಾರದಲ್ಲಿಯೇ ಉಳಿಯಬೇಕೆಂಬುದು ಅಧಿಕಾರಿಗಳ ಉದ್ದೇಶವಾಗಿದ್ದಿತು. ಆದರೆ ಪ್ರತಿಕಾರರಾದ ಗಜಪತಿ ಶಾಸ್ತ್ರಿಗಳು ಬೇರೆಯಾಗಿ ಬರೆದಿಟ್ಟುಕೊಂಡ ಕನ್ನಡ ಲಿಪಿಯ ಪ್ರತಿಯೊಂದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿ ಕನ್ನಡ ಬಲ್ಲ ಪಂಡಿತರೊಬ್ಬರು ಓದಿಹೇಳಲು ಸೀತಾರಾಮ ಶಾಸ್ತ್ರಿಗಳು ಅದನ್ನು ನಾಗರಿಯಲ್ಲಿ ಬರೆದುಕೊಂಡರು. ಆ ನಾಗರೀ ಪ್ರತಿಯಿಂದ ಆರಾ, ಕಾರಂಜಾ, ಅಮರಾವತಿ ಮೊದಲಾದ ಊರುಗಳಿಗೆ ಪ್ರತಿಗಳು ಹರಡಿದವು. 1939ರಲ್ಲಿ ಅಮರಾವತಿಯಿಂದ ಪ್ರಾಧ್ಯಾಪಕ ಹೀರಾಲಾಲ ಜೈನರು ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಮುಂದಿದ್ದವು ಈ ಮೂರು ಊರುಗಳ ಪ್ರತಿಗಳು. ಮೂಲದ ಓಲೆಗಳನ್ನು ನೋಡುವ ಅವಕಾಶವು ಆಗ ಅವರಿಗೆ ದೊರೆತಿರಲಿಲ್ಲ.

ಮೂರು ಪ್ರತಿಗಳು ಒಂದೇ ಪಾಠವನ್ನು ಹೇಳಿದರೆ ಅದು ಮೂರು ಸಾಕ್ಷಿಗಳ ಮಾತೆಂದು ತೋರುವುದು ಸಹಜ. ಆದರೆ ಆರಾ, ಕಾರಂಜಾ, ಅಮರಾವತಿಗಳ ಪ್ರತಿಗಳು ಒಂದೇ ನಾಗರೀ ಪ್ರತಿಯ ಸಂತಾನ; ಅದಾದರೋ ಒಂದೇ ಕನ್ನಡ ಪ್ರತಿಯ ಸಂತಾನ. ಇವುಗಳ ಒಮ್ಮತವು ಒಬ್ಬ ಲಿಪಿಕಾರನ ಮಾತನ್ನು ಮೂರು ಬಾಯಿಗಳಿಂದ ಕೇಳಿದಂತಾಯಿತಲ್ಲದೆ ಬೇರೆಯಲ್ಲ. ಹಳಗನ್ನಡ ಲಿಪಿಯಲ್ಲಿ ದಕಾರ ಧಕಾರಗಳ ಭೇದವು ಸೂಕ್ಷ್ಮವಾದುದು. ಪ್ರಾಕೃತದ ದ್ವಿತ್ವವನ್ನು ಸೊನ್ನೆಯಿಂದ ಸೂಚಿಸುವ ರೂಢಿಯೂ ಉಂಟು. ಇಂಥ ಸ್ಥಳಗಳಲ್ಲಿ ಮೊದಲನೆಯವನು ಎಡವಿದರೆ ಉಳಿದವರೆಲ್ಲರೂ ಅಲ್ಲಿಯೇ ಎಡವತಕ್ಕದ್ದೇ.

ಇದು ಅಕ್ಷರಗಳ ಮಾತಾಗಿ ಮಾತ್ರ ಉಳಿಯಲಿಲ್ಲವೆಂಬುದನ್ನು ಸತ್ಪ್ರರೂಪಣೆಯ 93ನೆಯ ಸೂತ್ರವು ತೋರಿಸುತ್ತದೆ. ಮಾನುಷಿಯರು, ಎಂದರೆ ಮನುಷ್ಯಸ್ತ್ರೀಯರು, ಯಾವ ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತರಾಗಿರುವರೆಂಬುದು ಆ ಸೂತ್ರದ ವಿಷಯ. ಮೂರು ಪ್ರತಿಗಳಲ್ಲಿಯೂ ಗುಣಸ್ಥಾನಗಳ ಹೆಸರು ‘ಸಂಜದಾಸಂಜದ’ ಎಂಬ ಐದನೆಯದಕ್ಕೆ ನಿಂತಿತ್ತು. ಅದರ ಮುಂದೆ ‘ಸಂಜದ’ ಎಂಬ ಪದವೊಂದಿದ್ದರೆ ಸಂಯತರ ಮೇಲಣ ಗುಣಸ್ಥಾನಗಳೂ ಸ್ತ್ರೀಯರಿಗೆ ಹೇಳಲ್ಪಟ್ಟಂತಾಗುತ್ತವೆ. ಸ್ತ್ರೀಗೆ ಅದೇ ಜನ್ಮದಲ್ಲಿ ಮುಕ್ತಿಯುಂಟೆ ಎಂಬುದು ದಿಗಂಬರ ಶ್ವೇತಾಂಬರ ಸಂಪ್ರದಾಯಗಳನ್ನು ಬೇರ್ಪಡಿಸಿರುವ ಪ್ರಶ್ನೆ. ಆ ಪ್ರಶ್ನೆಯ ಭಾರವೆಲ್ಲ ಇಲ್ಲಿ ಮೂರು ಅಕ್ಷರಗಳ ಮೇಲೆ ಬಿದ್ದಿದೆ.

ಇಲ್ಲಿ ಸಂಪಾದಕರು ತೋರಿದ ವಿವೇಕವು ಪ್ರಶಂಸಾರ್ಹ. ಈ ಸೂತ್ರದಿಂದಲೇ ಸ್ತ್ರೀಮುಕ್ತಿಯು ಸಿದ್ಧವಾಗುವುದಲ್ಲವೆ ಎಂಬ ಆಕ್ಷೇಪವನ್ನು ವೀರಸೇನರೇ ಎತ್ತಿ, ಹದಿನಾಲ್ಕು ಗುಣಸ್ಥಾನಗಳು ಭಾವಸ್ತ್ರೀಯನ್ನು ಕುರಿತವು, ದ್ರವ್ಯಸ್ತ್ರೀಯನ್ನು ಕುರಿತವಲ್ಲವೆಂದು ಸಮಾಧಾನ ಹೇಳಿದ್ದಾರೆ. ಸೂತ್ರದಲ್ಲಿ ‘ಸಂಜದ’ ಪದವೇ ಇಲ್ಲದಿದ್ದರೆ ಆಕ್ಷೇಪಕ್ಕೆ ಎಡೆಯಿಲ್ಲ, ಸಮಾಧಾನಕ್ಕೆ ಪ್ರಯೋಜನವಿಲ್ಲ. ಟೀಕೆಯ ಈ ಒಳಸಾಕ್ಷ್ಯದ ಬಲದಿಂದ ಪದವೊಂದು ಬಿಟ್ಟುಹೋಗಿರುವಂತೆ ತೋರುತ್ತದೆಂದು ಅವರು ಊಹಿಸಿದರು. ಆದರೂ ಅದನ್ನು ಮೂಲದೊಳಕ್ಕೆ ಸೇರಿಸದೆ ಅಡಿಟಿಪ್ಪಣಿಯಲ್ಲಿ ಮಾತ್ರ ಸೂಚಿಸಿದರು. ಮುಂದೆ ಮೂಡುಬಿದಿರೆಯ ಓಲೆಯೊಡನೆ ಹೋಲಿಸಿದಾಗ ಆ ಪದವು ಅಲ್ಲಿ ಕಂಡುಬಂದಿತು. ‘ಸಂಜದಾಸಂಜದ’ ಎಂದು ಬರೆದು ಕಣ್ಣೆತ್ತಿದ ಲಿಪಿಕಾರನು ಮರಳಿ ಓಲೆಯನ್ನು ನೋಡುವಾಗ, ಅದೇ ಅಕ್ಷರಗಳ ಮುಂದಿನ ಪದವನ್ನು ಬರೆದಾಯಿತೆಂದು ಭ್ರಮಿಸಿರಬೇಕು.

ಆದರೂ ವಿವಾದವು ಅಲ್ಲಿಗೆ ಶಮನವಾಗಲಿಲ್ಲ. ಗ್ರಂಥವನ್ನು ತಾಮ್ರಪತ್ರಗಳ ಮೇಲೆ ಕೆತ್ತಿಸುವ ಪ್ರಯತ್ನ ನಡೆದಾಗ ಈ ಪದವು ಇರಬೇಕೆ ಬೇಡವೆ ಎಂಬುದೇ ದೊಡ್ಡ ಚರ್ಚೆಯಾಯಿತು. ಓಲೆಯ ತಪ್ಪನ್ನು ಮುಂದಿನ ಪ್ರತಿಯಲ್ಲಿ ತಿದ್ದಬಹುದು; ತಾಮ್ರದಲ್ಲಿ ಕೆತ್ತಿದ ಪಾಠವು ಬಹುಕಾಲ ನಿಲ್ಲುತ್ತದೆ, ತಪ್ಪಾದರೆ ತಪ್ಪೇ ನಿಲ್ಲುತ್ತದೆ. ವಸ್ತುವಿನ ಬಾಳಿಕೆಯು ಪಾಠದ ಶುದ್ಧಿಗೆ ಹೊಣೆಯಲ್ಲ.

ಈ ವಿಚಾರವು ಹಳೆಯದಾಗಿಲ್ಲ. 1948ರಲ್ಲಿ ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರೀಯ ಗ್ರಂಥಸೂಚಿಯು ಮೂಡುಬಿದಿರೆ, ಕಾರ್ಕಳ, ಅಳಿಯೂರುಗಳ ಭಂಡಾರಗಳನ್ನು ವಿದ್ವಾಂಸರ ಮೇಜಿನ ಮೇಲೆ ತಂದಿರಿಸಿತು. 2003ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿದ ಮೇಲೆ ಸೂಚಿಗಳೂ ಓಲೆಗಳ ಛಾಯೆಗಳೂ ಗಣಕಯಂತ್ರದ ದತ್ತಾಂಶಕೋಶಗಳನ್ನು ಸೇರತೊಡಗಿದವು. ಬೇರೆ ಬೇರೆ ಸ್ಥಳಗಳಲ್ಲಿರುವ ಇಂಥ ಕೋಶಗಳನ್ನು ಹೊಂದಿಸಿಡುವುದಕ್ಕೆ ಯಂತ್ರಜ್ಞರು ಎರಡು ಮಾರ್ಗಗಳನ್ನು ಹೇಳುವರು. ಒಂದು ಕೋಶದಲ್ಲಿ ಮಾತ್ರ ತಿದ್ದುಪಡಿ ಮಾಡಿ ಉಳಿದವು ಅದನ್ನು ಅನುಸರಿಸುವಂತೆ ಮಾಡುವುದು ಮೊದಲನೆಯದು. ಎಲ್ಲೆಡೆಯೂ ತಿದ್ದಲು ಬಿಟ್ಟು, ವಿರೋಧ ಬಂದಲ್ಲಿ ನಿರ್ಣಯಿಸುವುದು ಎರಡನೆಯದು. ಎರಡನೆಯದರಲ್ಲಿ ಕೊನೆಗೆ ಬರೆದುದೇ ನಿಲ್ಲತಕ್ಕದ್ದೆಂಬ ನಿಯಮವು ಬಳಕೆಯಲ್ಲಿದೆ. ಹೆಚ್ಚು ಪ್ರತಿಗಳು ಒಪ್ಪಿದುದೇ ನಿಲ್ಲಲೆಂಬ ನಿಯಮವೂ ಉಂಟು. ಅಂಗಡಿಯ ಲೆಕ್ಕಕ್ಕೆ ಇವು ಸಾಕಾಗಬಹುದು. ಧವಲೆಯ ವಿಷಯದಲ್ಲಿ ಎರಡೂ ಸೋಲುತ್ತಿದ್ದವು: ಕೊನೆಯ ಪ್ರತಿಯೇ ಮೂಲಕ್ಕೆ ಅತ್ಯಂತ ದೂರವಾದುದು, ಬಹುಮತವು ಒಂದೇ ಸ್ಖಾಲಿತ್ಯದ ಪುನರುಕ್ತಿ.

ಆದುದರಿಂದ ಗ್ರಂಥಪಾಠದ ಕೋಶಗಳಲ್ಲಿ ಕಾಲಕ್ಕಾಗಲಿ ಸಂಖ್ಯೆಗಾಗಲಿ ಅಲ್ಲ, ವಂಶಕ್ಕೆ ಮೊದಲ ಸ್ಥಾನ ಸಲ್ಲಬೇಕು. ಯಾವ ಪ್ರತಿಯು ಯಾವುದರಿಂದ ಹುಟ್ಟಿತು, ಯಾವಾಗ ಯಾರಿಂದ ತಿದ್ದಲ್ಪಟ್ಟಿತು, ಆ ತಿದ್ದುಪಡಿಯು ಓಲೆಯನ್ನು ಕಂಡು ಮಾಡಿದುದೊ ಊಹೆಯಿಂದ ಮಾಡಿದುದೊ ಎಂಬುದು ಪಾಠದೊಡನೆಯೇ ಸಂಚರಿಸಬೇಕು. ಮೂಲದ ಬಳಿಯಲ್ಲಿ ಕಂಡ ಶುದ್ಧಪಾಠವು ಪ್ರತಿಗಳಿರುವ ಎಲ್ಲ ಊರುಗಳಿಗೂ ತಲುಪಬೇಕು. ಹೊರಗಿನ ಊರುಗಳಲ್ಲಿ ಹುಟ್ಟಿದ ಊಹೆಯು ಊಹೆಯೆಂಬ ಗುರುತಿನೊಡನೆಯೇ ಮೂಲದ ಬಳಿಗೆ ಬರಬೇಕು. ಹೀರಾಲಾಲರ ಅಡಿಟಿಪ್ಪಣಿಯು ಹಾಗೆ ಬಂದುದರಿಂದಲೇ ಓಲೆಯಲ್ಲಿ ಏನನ್ನು ಹುಡುಕಬೇಕೆಂಬುದು ತಿಳಿಯಿತು. ಅವರು ಪದವನ್ನು ಸದ್ದಿಲ್ಲದೆ ಸೇರಿಸಿಬಿಟ್ಟಿದ್ದರೆ ಪಾಠವು ಸರಿಯಾಗಿಯೇ ಇರುತ್ತಿತ್ತು, ಆದರೆ ಅದು ಸರಿಯೆಂದು ತಿಳಿಯುವ ದಾರಿಯು ಮುಚ್ಚಿಹೋಗುತ್ತಿತ್ತು. ಓಲೆಗಳ ಛಾಯೆಗಳನ್ನು ಎಷ್ಟು ಊರುಗಳಲ್ಲಿ ಇರಿಸಿದರೂ ಸಿದ್ಧಾಂತ ಬಸದಿಯ ಆ ಓಲೆಗಳ ರಕ್ಷಣೆಯು ಅನಾವಶ್ಯಕವಾಗದೆಂಬುದಕ್ಕೆ ಈ ಒಂದು ಸೂತ್ರವೇ ಸಾಕಾದ ಪ್ರಮಾಣ.