ಗಾದಿ ಕೊಡುವವರು ಯಾರು?

ಭೂಗತ ಲೋಕದ ಸಿನಿಮಾದಲ್ಲಿ ಮಚ್ಚು ಮೇಲೆದ್ದಾಗ ಎಲ್ಲರ ಕಣ್ಣು ಮಚ್ಚಿನ ಮೇಲಿರುತ್ತದೆ. ನನ್ನ ಕಣ್ಣು ಹಿಂದೆ ನಿಂತ ಹುಡುಗರ ಮೇಲೆ. ಏಟು ಬಿದ್ದ ಮೇಲೆ ಅವರು ಯಾರ ಮುಖ ನೋಡಿದರು, ಯಾವನು ಮೆಲ್ಲಗೆ ಹಿಂದೆ ಸರಿದ ಎಂಬುದರಲ್ಲೇ ಗ್ಯಾಂಗಿನ ಮುಂದಿನ ಯಜಮಾನ ಯಾರೆಂದು ಗೊತ್ತಾಗಿಬಿಡುತ್ತದೆ.

ಗಾದಿಯ ಜಗಳ ನೋಡುವ ರುಚಿ ನಮ್ಮ ಗದಗ ಸೀಮೆಗೆ ಹೊಸದಲ್ಲ. ಶಿರಹಟ್ಟಿಯ ವೆಂಕೋಬರಾಯರು ನಾಟಕ ಮಂಡಳಿ ಕಟ್ಟಿದ ನೆಲವಿದು. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಹೆಸರು ಮಾಡಿದ್ದು ‘ಎಚ್ಚಮನಾಯಕ’, ‘ಪಾದುಕಾ ಪಟ್ಟಾಭಿಷೇಕ’ದಂಥ ನಾಟಕಗಳಿಂದ. ಎಚ್ಚಮನಾಯಕನ ಕತೆಯ ಹಿಂದಿರುವುದು 1614ರಲ್ಲಿ ವೆಂಕಟಪತಿರಾಯ ತೀರಿಕೊಂಡ ಮೇಲೆ ವಿಜಯನಗರದ ಸಿಂಹಾಸನಕ್ಕಾಗಿ ಹರಿದ ನೆತ್ತರು. ಇನ್ನೊಂದರಲ್ಲಿ ರಾಜನೇ ಊರಲ್ಲಿಲ್ಲ. ಸಿಂಹಾಸನದ ಮೇಲೆ ಒಂದು ಜೊತೆ ಪಾದುಕೆ. ಅಯೋಧ್ಯೆಯ ಮಂದಿ ಒಪ್ಪಿದರು, ಹದಿನಾಲ್ಕು ವರ್ಷ ರಾಜ್ಯಭಾರ ನಡೆಯಿತು. ಆಳುವವನ ತೋಳಿಗಿಂತ ಆಳಿಸಿಕೊಳ್ಳುವವರ ಒಪ್ಪಿಗೆ ದೊಡ್ಡದು. ರೌಡಿ ಗ್ಯಾಂಗಿಗೂ ಇದೇ ನಿಯಮ.

ಇದನ್ನು ಬಿಚ್ಚಿ ತೋರಿಸಿದ ಚಿತ್ರ ಹಾಂಗ್‌ಕಾಂಗಿನ ಜಾನಿ ಟೋ ಅವರ ‘ಎಲೆಕ್ಷನ್’ (2005). ಅಲ್ಲಿನ ಗ್ಯಾಂಗಿಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ. ಹಿರಿಯರು ಚಹಾ ಕುಡಿಯುತ್ತ ಕೂತು ಅಧ್ಯಕ್ಷನನ್ನು ಆರಿಸುತ್ತಾರೆ. ಸೋತ ಬಿಗ್ ಡಿ ಒಪ್ಪುವುದಿಲ್ಲ. ಅಧಿಕಾರದ ಗುರುತಾಗಿ ಒಂದು ಹಳೆಯ ದಂಡವಿದೆ. ಅದು ಯಾರ ಕೈ ಸೇರುತ್ತದೆ ಎಂಬುದೇ ಓಟ. ಚಿತ್ರದುದ್ದಕ್ಕೂ ಒಂದು ಗುಂಡೂ ಹಾರುವುದಿಲ್ಲ. ಒಂದು ದೃಶ್ಯವನ್ನಂತೂ ಮರೆಯಲಾಗದು: ಒಬ್ಬ ಇನ್ನೊಬ್ಬನನ್ನು ಕಟ್ಟಿಗೆಯಿಂದ ಬಡಿಯುತ್ತಿರುವಾಗಲೇ ಫೋನ್ ಬರುತ್ತದೆ. ಮೇಲಿನವರು ರಾಜಿಯಾಗಿದ್ದಾರೆ, ಏಟು ತಿನ್ನುತ್ತಿರುವವನೂ ಈಗ ನಮ್ಮವನೇ! ಇಂಥ ರಾಜಿ ನಮಗೂ ಗೊತ್ತು: 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಮ್ಮದು. ಸೊಸೈಟಿ ಚುನಾವಣೆಯಲ್ಲಿ ಮುಂಜಾನೆ ಒಂದು ಪೆನೆಲ್, ಸಂಜಿಗೆ ಇನ್ನೊಂದು ಪೆನೆಲ್ ಸೇರುವವರನ್ನು ಕಂಡ ನಮ್ಮವರಿಗೆ ಈ ಚಿತ್ರಕ್ಕೆ ಸಬ್‌ಟೈಟಲ್ ಬೇಕಾಗದು.

ಕನ್ನಡದಲ್ಲಿ ಈ ಲೆಕ್ಕ ಸರಿಯಾಗಿ ಹಿಡಿದದ್ದು ಕೆ.ಎಂ. ಚೈತನ್ಯರ ‘ಆ ದಿನಗಳು’ (2007). ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಆಧರಿಸಿ ಗಿರೀಶ ಕಾರ್ನಾಡ್ ಮತ್ತು ಶ್ರೀಧರ್ ಚಿತ್ರಕತೆ ಬರೆದರು. ಭೂಗತ ದೊರೆ ಜಯರಾಜ್ ಜೈಲಿನಲ್ಲಿದ್ದಾಗ ಕೊತ್ವಾಲ್ ರಾಮಚಂದ್ರ ಬೆಳೆದ. ಜಯರಾಜ್ ಹೊರಬಂದ ಮೇಲೆ ಬೆಂಗಳೂರಿಗೆ ಇಬ್ಬರು ದೊರೆಗಳು. ಶರತ್ ಲೋಹಿತಾಶ್ವ ನಟಿಸಿದ ಕೊತ್ವಾಲ್‌ಗೆ ಎಲ್ಲರೂ ಹೆದರುತ್ತಾರೆ. ಆದರೆ ಭಯದಿಂದ ಬಂದ ಒಪ್ಪಿಗೆ ಎಷ್ಟು ದಿನ ತಾಳೀತು? 1986ರಲ್ಲಿ ಅವನನ್ನು ಮುಗಿಸಿದವರು ಜೊತೆಗಿದ್ದು ನಂಬಿಕೆ ಗಳಿಸಿದವರೇ. ಮೂರು ವರ್ಷ ಕಳೆದು ಜಯರಾಜನೂ ಕೊಲೆಯಾದ. ಕೊಂದವನಿಗೆ ಪಟ್ಟ ತಾನಾಗಿ ಬಂದುಬಿಡುತ್ತದೆ ಎಂದು ನಂಬಿದವರು ಈ ಚಿತ್ರವನ್ನು ಇನ್ನೊಮ್ಮೆ ನೋಡಬೇಕು.

‘ಕೆಜಿಎಫ್’ (2018) ಈ ಸೂತ್ರವನ್ನು ಬೇರೆ ದಾರಿಯಿಂದ ಹಿಡಿಯಿತು. ಗಣಿಯ ಒಡೆಯ ಸೂರ್ಯವರ್ಧನ ಹಾಸಿಗೆ ಹಿಡಿದಾಗಲೇ ಪಾಲುದಾರರ ನಾಲಗೆಯಲ್ಲಿ ನೀರು. ವಾರಸುದಾರ ಗರುಡನನ್ನು ಕೊಲ್ಲಲು ನಾಯಕ ರಾಕಿ ನರಾಚಿ ಎಂಬ ಆ ಗಣಿಯೊಳಗೆ ಹೋಗುತ್ತಾನೆ. ಕತ್ತಲಲ್ಲಿ ಕೊಂದು ಓಡಿಬರಬಹುದಿತ್ತು. ಹಾಗೆ ಮಾಡದೆ, ಬಲಿಗೆಂದು ಮುಖ ಮುಚ್ಚಿ ತಂದವರ ನಡುವೆ ಸೇರಿ, ಗುಲಾಮರೆಲ್ಲ ನೋಡುತ್ತಿರುವಾಗ ತಲೆ ಹಾರಿಸುತ್ತಾನೆ. ಅವನಿಗೆ ಗಣಿ ಸಿಕ್ಕಿದ್ದು ಆ ಸಾವಿರಾರು ಕಣ್ಣುಗಳಿಂದ. ಆಮೇಲೆ ಬಂದ ಅನುಕರಣೆಗಳು ಹೊಗೆ, ಧೂಳು, ಏರುದನಿಯ ಸಂಭಾಷಣೆಗಳನ್ನು ಎತ್ತಿಕೊಂಡವು, ಕಣ್ಣುಗಳನ್ನು ಬಿಟ್ಟವು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ (2021). ಮಂಗಳೂರಿನ ಮಂಗಳಾದೇವಿಯ ಹರಿ ಮತ್ತು ಶಿವ ಒಂದೇ ಮನೆಯಲ್ಲಿ ಬೆಳೆದವರು. ವ್ಯವಹಾರ ಹರಿಯದು, ಹೊಡೆತ ಶಿವನದು. ಕೊಲೆ ಮಾಡಿ ಬಂದ ಶಿವ ಮಳೆಯಲ್ಲಿ ಹುಲಿವೇಷದ ಹೆಜ್ಜೆ ಹಾಕುತ್ತಾನೆ; ಗಾದಿಯ ಆಸೆ ಆ ಮುಖದಲ್ಲಿ ಎಳ್ಳಷ್ಟೂ ಇಲ್ಲ. ಆದರೆ ಓಣಿಯ ಹುಡುಗರು ಕ್ರಿಕೆಟ್ ಆಡುವುದು ಶಿವನ ಜೊತೆ. ಹರಿಗೆ ಉರಿಯುವುದೂ, ಪೊಲೀಸ್ ಅಧಿಕಾರಿ ಬ್ರಹ್ಮಯ್ಯ ಬೆಣೆ ಬಡಿಯುವುದೂ ಇಲ್ಲೇ. ಕೇಳದೆ ಸಿಕ್ಕ ನಾಯಕತ್ವ, ಕೇಳಿ ಪಡೆದದ್ದಕ್ಕಿಂತ ಅಪಾಯಕಾರಿ. ಅಂತ್ಯ ಹೇಳಲಾರೆ, ಆ ಹುಡುಗರ ಮೇಲೆ ಕಣ್ಣಿಟ್ಟಿರಿ ಎಂದಷ್ಟೇ ಹೇಳಬಲ್ಲೆ.

ಕನ್ನಡದ ಗ್ಯಾಂಗ್ ಸಿನಿಮಾಗಳು ಹೆಚ್ಚಾಗಿ ಬೆಂಗಳೂರು, ಮಂಗಳೂರು, ಇಲ್ಲವೇ ಕಲ್ಪನೆಯ ಊರುಗಳಲ್ಲೇ ಸುತ್ತುತ್ತಿವೆ. ಒಂದು ಚಿತ್ರಕತೆಯನ್ನಾದರೂ ಲಕ್ಷ್ಮೇಶ್ವರದ ಪೇಟೆಯಲ್ಲೋ ಮುಂಡರಗಿಯ ಚಹಾ ಅಂಗಡಿಯಲ್ಲೋ ಕೂತು ಬರೆಯಬಾರದೇಕೆ? ‘ಮಂದಿ ಯಾರ ಕಡೆ ಅದಾರ?’ ಎಂಬ ಪ್ರಶ್ನೆಯನ್ನು ದಿನಾ ಕೇಳುವ ಊರುಗಳಿವು. ಗಾದಿಯ ಕತೆಗೆ ಬೇಕಾದ ಮೊದಲ ಸಾಲು ಅದೇ.