ತೊಳೆದ ಗೋಧಿಯ ಕೀರ್ತಿ

ಬಾದಾಮಿ, ಹುನಗುಂದಗಳ ಎರೆಭೂಮಿಯಲ್ಲಿ ಹಿಂಗಾರಿಯ ಗೋಧಿ ಕೊಯ್ಲಿಗೆ ಬಂದ ಹೊತ್ತಿಗೆ ಅಕಾಲದ ಮಳೆ ಸುರಿದು, ತೆನೆಯೂ ರಾಶಿಯೂ ನೆನೆದು ಕಾಳು ಬೂಷ್ಟು ಹಿಡಿದಾಗ, ಅದನ್ನು ತೊಳೆದು ಬಿಸಿಲಿಗೆ ಹರವಿದರೆ ಸರ್ವದೋಷವೂ ಪರಿಹಾರವಾಗುವುದೆಂಬ ನಂಬಿಕೆ ನಮ್ಮಲ್ಲಿ ಬದ್ಧಮೂಲವಾಗಿದೆ. ಈ ಕ್ರಿಯೆಗೆ ಸಂದಿರುವ ಕೀರ್ತಿ ಅದರ ಯೋಗ್ಯತೆಗೆ ಮೀರಿದ್ದು. ಹುಗ್ಗಿಗಾಗಿ ಗೋಧಿಯನ್ನು ಕುಟ್ಟುವ ಕ್ರಿಯೆಗೆ ಸಲ್ಲಬೇಕಾದ ಮನ್ನಣೆಯಾದರೋ ಇನ್ನೂ ಸಂದಿಲ್ಲ.

ತೊಳೆಯುವುದು ನಿಷ್ಪ್ರಯೋಜಕವೆಂದಲ್ಲ. ಮೇಲಣ ಧೂಳು ಹೋಗುತ್ತದೆ. ಫ್ಯುಸೇರಿಯಂ ಎಂಬ ಶಿಲೀಂಧ್ರ ತಿಂದು ಹಗುರಾದ ಜೊಳ್ಳು ತೇಲುತ್ತದೆ, ಅದನ್ನು ಚೆಲ್ಲಿದರೆ ಶಿಲೀಂಧ್ರದ ವಿಷದ ಒಂದಂಶವೂ ತೊಲಗುತ್ತದೆ. ಆದರೆ ಕಾಳಿನೊಳಕ್ಕೆ ಇಳಿದ ವಿಷ ಹಾಗೆ ಹೊರಬರುವಂಥದಲ್ಲ. ತೊಳೆದ ಕಾಳು ಸರಿಯಾಗಿ ಆರದೆ ತೇವ ಶೇಕಡಾ 14ನ್ನು ಮೀರಿ ಉಳಿದರೆ ಬೂಷ್ಟಿಗೆ ನಾವೇ ಮರಳಿ ಆಮಂತ್ರಣವಿತ್ತಂತೆ.

ಕುಟ್ಟುವ ಕ್ರಮವನ್ನು ಸಾವಧಾನವಾಗಿ ಪರಿಶೀಲಿಸಬೇಕು. ಕಾಳಿಗೆ ಹದವಾಗಿ ನೀರು ಚಿಮುಕಿಸಿ, ಒರಳಿಗೆ ಹಾಕಿ, ಒನಕೆಯಿಂದ ಕುಟ್ಟಿ, ಮೊರದಲ್ಲಿ ಕೇರಿದಾಗ ಹೊರಪದರವು ತೌಡಾಗಿ ಬೇರ್ಪಡುತ್ತದೆ. ಡಿಆಕ್ಸಿನಿವಲೆನಾಲಿನಂಥ ವಿಷಗಳು ಸಾಮಾನ್ಯವಾಗಿ ಆ ಪದರದಲ್ಲಿಯೇ ಅಧಿಕವಾಗಿರುವುದರಿಂದ, ನಾರು, ಖನಿಜ, ಜೀವಸತ್ವಗಳ ಒಂದಷ್ಟು ನಷ್ಟವನ್ನು ತೆತ್ತಾದರೂ, ಉಳಿದ ಕಾಳು ಮೊದಲಿಗಿಂತ ನಿರಪಾಯಕರವಾಗುತ್ತದೆ. ಗಿರಣಿಯಲ್ಲಿ ಇಡಿಯಾಗಿ ಬೀಸಿದ ಚಪಾತಿ ಹಿಟ್ಟಿನಲ್ಲಿ ತೌಡಿನೊಡನೆ ವಿಷವೂ ಉಳಿಯುತ್ತದೆ. ಹಂಚಿನ ಕಾವು ಅದನ್ನು ಪೂರ್ತಿ ನಾಶಮಾಡಲಾರದು. ಕುಟ್ಟುವಿಕೆಗೂ ಮಿತಿಯುಂಟು: ಹುಗ್ಗಿಯ ನೀರನ್ನು ಯಾರೂ ಬಸಿಯುವುದಿಲ್ಲವಾದ್ದರಿಂದ ಅದರಲ್ಲಿ ಕರಗಿದ್ದೆಲ್ಲವೂ ಬೆಲ್ಲದೊಡನೆ ಪಾತ್ರೆಯಲ್ಲಿಯೇ ನಿಲ್ಲುತ್ತದೆ, ಕೆಟ್ಟ ತೌಡನ್ನು ಎಮ್ಮೆಗಿಟ್ಟರೆ ಅದರಲ್ಲಿನ ಅಫ್ಲಾಟಾಕ್ಸಿನ್ ಹಾಲಿನ ಮಾರ್ಗವಾಗಿ ಮನೆಗೇ ಮರಳುತ್ತದೆ.

ತೊಳೆಯುವಿಕೆಯ ಪಕ್ಷಪಾತಿಗಳು ಕರ್ನಾಲ್ ಬಂಟ್ ಎಂಬ ಶಿಲೀಂಧ್ರರೋಗದ ದೃಷ್ಟಾಂತವನ್ನು ಮುಂದೊಡ್ಡುತ್ತಾರೆ. 1931ರಲ್ಲಿ ವಿಜ್ಞಾನಿ ಮಿತ್ರ ಅವರು ವರ್ಣಿಸಿದ ಆ ರೋಗ ತಗುಲಿದ ಗೋಧಿ ಟ್ರೈಮೀಥೈಲಮೀನಿನಿಂದ ಮೀನಿನಂತೆ ನಾರುವುದಾದರೂ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಅದನ್ನು ಪ್ರಾಣಿಗಳಿಗೆ ಉಣಿಸಿದಾಗ ವಿಷಲಕ್ಷಣಗಳು ತೋರಲಿಲ್ಲ. ತೊಳೆದು ನೆನೆಸಿದರೆ ಅದರ ಗುಣ ಸುಧಾರಿಸುವುದೂ ನಿಜವೇ. ಆದರೆ ಒಂದು ಶಿಲೀಂಧ್ರದ ಸೌಮ್ಯತೆಯನ್ನು ಸಮಸ್ತ ಶಿಲೀಂಧ್ರಕುಲಕ್ಕೂ ಹಂಚುವುದು ಯಾವ ತರ್ಕ? 1987ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಮಳೆಗೆ ಕೆಟ್ಟ ಗೋಧಿಯನ್ನುಂಡು ಜನ ಹೊಟ್ಟೆನೋವಿನಿಂದ ನರಳಿದಾಗ ಆ ಗೋಧಿಯಲ್ಲಿ ಟ್ರೈಕೋಥಿಸೀನ್ ವಿಷಗಳು ದೊರೆತುವು. 1995ರಲ್ಲಿ ನಮ್ಮ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿಯೇ ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳಗಳಲ್ಲಿ ಫ್ಯುಮೋನಿಸಿನ್ ಎಂಬ ಶಿಲೀಂಧ್ರವಿಷ ಕಂಡುಬಂದಿತು. ಜೋಳದ ರೊಟ್ಟಿಯನ್ನುಂಡು ಬದುಕುವ ಸೀಮೆಯವರು ಕರ್ನಾಲಿನ ಅಭಯವಾಕ್ಯವನ್ನು ನೆಚ್ಚುವುದು ವಿವೇಕವಲ್ಲ.

ರಾಶಿ ಮಾಡಿದ ಗೋಧಿಯನ್ನು ತೇವ ಶೇಕಡಾ 12ಕ್ಕೆ ಇಳಿಯುವವರೆಗೆ ಒಣಗಿಸುವುದೇ ಪ್ರಧಾನ. ಕೆಟ್ಟ ಕಾಳನ್ನು ಆರಿಸಿ ತೆಗೆಯುವುದು, ಕುಟ್ಟುವುದು, ತೊಳೆಯುವುದು ಕ್ರಮವಾಗಿ ಅನಂತರದವು. ಬೂಷ್ಟಿನ ವಾಸನೆ ರಾಶಿಗೆಲ್ಲ ಹತ್ತಿದ ಮೇಲೆ ಆ ಗೋಧಿ ಮನುಷ್ಯರಿಗೂ ದನಗಳಿಗೂ ಆಹಾರವಲ್ಲ.